ಬಿಳಿ ತಟ್ಟೆ ಮರೆಯಾಗುವ ಆಳ

1865ರ ಏಪ್ರಿಲ್ ತಿಂಗಳಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ, ಅಮಲೋದ್ಭವ ಮಾತೆಯ ಹೆಸರನ್ನು ಹೊತ್ತ, ಜಗದ್ಗುರುಗಳ ನೌಕಾಪಡೆಗೆ ಸೇರಿದ ಹಡಗೊಂದರ ಮೇಲೆ ನಿಂತು, ಯೇಸುಸಭೆಯ ಗುರುಗಳೊಬ್ಬರು ಬಿಳಿಯ ತಟ್ಟೆಯೊಂದನ್ನು ಹಗ್ಗಕ್ಕೆ ಕಟ್ಟಿ ನೀರಿಗಿಳಿಸಿದರು. ತಟ್ಟೆ ಎಷ್ಟು ಆಳದಲ್ಲಿ ಕಣ್ಣಿಗೆ ಮರೆಯಾಗುತ್ತದೆಂದು ನೋಡಿ, ಅಳೆದು, ಬರೆದಿಟ್ಟರು. ಅವರೇ ರೋಮಿನ ವೀಕ್ಷಣಾಲಯದ ಮುಖ್ಯಸ್ಥರಾಗಿದ್ದ ಆಂಜೆಲೋ ಸೆಕ್ಕಿ. ಅವರ ನಿಜವಾದ ಕಾರ್ಯಕ್ಷೇತ್ರ ಖಗೋಳವಿಜ್ಞಾನ. ನಕ್ಷತ್ರಗಳನ್ನು ಅವುಗಳ ಬೆಳಕಿನ ಗುಣದ ಮೇಲಿಂದ ವರ್ಗೀಕರಿಸಿದವರಲ್ಲಿ ಅವರು ಮೊದಲಿಗರು. ಆದರೆ ಇಂದು ಅವರ ಹೆಸರು ಹೆಚ್ಚಾಗಿ ಕೇಳಿಬರುವುದು ಸರೋವರಗಳ ಮೇಲೆ ತೇಲುವ ಸಣ್ಣ ದೋಣಿಗಳಲ್ಲಿ. ಸೆಕ್ಕಿ ತಟ್ಟೆಗಿಂತ ಅಗ್ಗದ, ಸರಳವಾದ ಉಪಕರಣ ಜಲಪರೀಕ್ಷಕನ ಬಳಿ ಇನ್ನೊಂದಿಲ್ಲ. ನೀರು ತಿಳಿಯಾಗಿದ್ದರೆ ತಟ್ಟೆ ಆಳದವರೆಗೂ ಕಾಣುತ್ತದೆ. ಪಾಚಿಯೋ ಮಣ್ಣೋ ತುಂಬಿದ್ದರೆ ಬೇಗನೆ ಮರೆಯಾಗುತ್ತದೆ.

ಈ ತಟ್ಟೆ ಹೇಳಿದ ಒಂದು ಕಥೆಯನ್ನು ನಮ್ಮ ಕುಟುಂಬಗಳ ಓದುಗರ ಮುಂದಿಡಲು ಇಚ್ಛಿಸುತ್ತೇವೆ. ಕಥೆ ನಡೆದದ್ದು ಪೂರ್ವ ಆಫ್ರಿಕಾದ ವಿಕ್ಟೋರಿಯ ಸರೋವರದಲ್ಲಿ. ಗೋವೆಯಿಂದಲೂ ನಮ್ಮ ಕರಾವಳಿಯಿಂದಲೂ ಒಂದು ಕಾಲದಲ್ಲಿ ಗುಮಾಸ್ತಿಕೆಗೆಂದು, ಶಿಕ್ಷಕವೃತ್ತಿಗೆಂದು ಕೆನ್ಯಾ, ಉಗಾಂಡಗಳಿಗೆ ಹಡಗು ಹತ್ತಿದವರ ಮನೆಗಳಲ್ಲಿ ಈ ಸರೋವರದ ಹೆಸರು ಅಪರಿಚಿತವಲ್ಲ. ಭಾರತದ ಕೂಲಿಗಳ ಬೆವರಿನಿಂದ ಹಾಕಿದ ರೈಲು ಹಳಿ 1901ರಲ್ಲಿ ತಲುಪಿದ್ದು ಅದರ ದಡವನ್ನೇ. 1972ರಲ್ಲಿ ಇದಿ ಅಮೀನನ ಆಜ್ಞೆಯಂತೆ ಉಗಾಂಡವನ್ನು ಬಿಡಬೇಕಾದವರು ಕೊನೆಯ ಸಲ ವಿಮಾನವೇರಿದ ಎಂಟೆಬೆ ನಿಲ್ದಾಣವೂ ಅದರ ಅಂಚಿನಲ್ಲೇ ಇದೆ.

ಉಷ್ಣವಲಯದ ಸರೋವರಗಳಲ್ಲೆಲ್ಲ ಇದು ದೊಡ್ಡದು. ಅದರ ವಿಸ್ತಾರ ಸುಮಾರು 68,800 ಚದರ ಕಿಲೋಮೀಟರ್. ನಮ್ಮ ಇಡೀ ಕರ್ನಾಟಕದ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು. ಆದರೆ ಆಳ ಕಡಿಮೆ, ಸರಾಸರಿ 40 ಮೀಟರ್ ಮಾತ್ರ. ಟಾಂಜಾನಿಯ, ಉಗಾಂಡ, ಕೆನ್ಯಾ ದೇಶಗಳು ಅದನ್ನು ಹಂಚಿಕೊಂಡಿವೆ. ರುವಾಂಡ, ಬುರುಂಡಿಗಳ ನೀರೂ ಕಗೇರಾ ನದಿಯ ಮೂಲಕ ಅದಕ್ಕೆ ಬಂದು ಸೇರುತ್ತದೆ. ಅದರ ಜಲಾನಯನದಲ್ಲಿ ನಾಲ್ಕು ಕೋಟಿಗೂ ಮಿಕ್ಕಿ ಜನರಿದ್ದಾರೆ. ಸರೋವರದ ನೀರಿನ ಬಹುಪಾಲು ನೇರವಾಗಿ ಅದರ ಮೇಲೆ ಬೀಳುವ ಮಳೆಯಿಂದ ಬರುತ್ತದೆ, ಬಹುಪಾಲು ಆವಿಯಾಗಿ ಹೋಗುತ್ತದೆ. ಉಳಿದದ್ದು ಉಗಾಂಡದ ಜಿಂಜಾ ಎಂಬಲ್ಲಿ ನೈಲ್ ನದಿಯಾಗಿ ಹೊರಬೀಳುತ್ತದೆ. ಒಂದೇ ನದಿಗೆ ಎರಡು ಬಾರಿ ಇಳಿಯಲಾಗದೆಂಬ ಗ್ರೀಕ್ ತತ್ತ್ವಜ್ಞಾನಿಯ ಮಾತನ್ನು ನಾವು ಗುರುಮಠದಲ್ಲಿ ಓದಿದ್ದೆವು. ಸರೋವರದ ಮಟ್ಟಿಗೆ ಆ ಮಾತು ಅಷ್ಟಾಗಿ ಸಲ್ಲದು. ಅಲ್ಲಿ ನೀರು ಹಲವು ದಶಕ ನಿಲ್ಲುತ್ತದೆ. ಇಂದು ಸುರಿದ ಕೊಳೆ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತದೆ.

1920ರ ದಶಕದ ಕೊನೆಯಲ್ಲಿ ಮೀನುಗಾರಿಕೆಯ ಸಮೀಕ್ಷೆಗೆಂದು ಬಂದ ಗ್ರಹಾಂ ಮತ್ತು ವರ್ದಿಂಗ್ಟನ್ ಎಂಬ ಇಂಗ್ಲಿಷ್ ವಿಜ್ಞಾನಿಗಳ ಕಾಲದಲ್ಲಿ ನಡುನೀರಿನಲ್ಲಿ ತಟ್ಟೆ ಐದಾರು ಮೀಟರಿಗೂ ಮಿಕ್ಕಿದ ಆಳದವರೆಗೆ ಕಾಣುತ್ತಿತ್ತು. 1960–61ರಲ್ಲಿ ಜ್ಯಾಕ್ ಟಾಲಿಂಗ್ ಎಂಬ ವಿಜ್ಞಾನಿ ಜಿಂಜಾದಲ್ಲಿ ನೆಲೆಸಿ, ವರ್ಷವಿಡೀ ಮತ್ತೆ ಮತ್ತೆ ಒಂದೇ ಜಾಗಕ್ಕೆ ಹೋಗಿ ನೀರಿನ ಉಷ್ಣತೆ, ಆಮ್ಲಜನಕ, ಸಿಲಿಕಾ, ಪಾಚಿ ಎಲ್ಲವನ್ನೂ ಅಳೆದರು. ಆಗ ಸರೋವರಕ್ಕೆ ಯಾವ ಕಾಯಿಲೆಯೂ ಇದ್ದಂತೆ ಕಾಣುತ್ತಿರಲಿಲ್ಲ. ಇದೆಲ್ಲ ಏತಕ್ಕೆಂದು ಯಾರಾದರೂ ಕೇಳಿದ್ದರೆ ಒಪ್ಪುವಂಥ ಉತ್ತರ ಕೊಡುವುದೂ ಕಷ್ಟವಾಗುತ್ತಿತ್ತು. ಮುಂದಿನ ಸುಮಾರು ಮೂವತ್ತು ವರ್ಷಗಳಲ್ಲಿ ಅಂಥ ಸಮಗ್ರ ಅಳತೆ ನಡೆಯಲಿಲ್ಲ. 1990ರ ಆಸುಪಾಸಿನಲ್ಲಿ ರಾಬರ್ಟ್ ಹೆಕಿ ಮತ್ತು ಉಗಾಂಡದ ಅವರ ಸಹೋದ್ಯೋಗಿಗಳು ಮತ್ತೆ ಅಳೆದು ಹಳೆಯ ಅಂಕಿಗಳೊಡನೆ ಹೋಲಿಸಿದಾಗ ದಿಗ್ಭ್ರಮೆಯಾಗುವಂಥ ಚಿತ್ರ ಹೊರಬಂತು. ಪಾಚಿಯ ಬೆಳವಣಿಗೆ ಸುಮಾರು ಇಮ್ಮಡಿಯಾಗಿತ್ತು. ನೀರಿನ ಸಿಲಿಕಾ ಹತ್ತರಲ್ಲೊಂದು ಪಾಲಿಗೆ ಇಳಿದಿತ್ತು. ಮೀನಿಗೆ ಆಹಾರವಾಗುವ ಡಯಾಟಮ್ ಪಾಚಿಯ ಜಾಗವನ್ನು ಬಹುಮಟ್ಟಿಗೆ ನೀಲಿ ಹಸಿರು ಪಾಚಿ ಆಕ್ರಮಿಸಿತ್ತು. ತಳದ ವಿಶಾಲ ಭಾಗದಲ್ಲಿ ತಿಂಗಳುಗಟ್ಟಲೆ ಆಮ್ಲಜನಕವೇ ಇಲ್ಲದಂತಾಗಿತ್ತು. ತಟ್ಟೆ ಅನೇಕ ಕಡೆ ಒಂದರಿಂದ ಮೂರು ಮೀಟರಿನೊಳಗೆ ಮರೆಯಾಗುತ್ತಿತ್ತು.

ಟಾಲಿಂಗರ ಆ ಒಂದು ವರ್ಷದ ದಾಖಲೆ ಇಲ್ಲದಿದ್ದರೆ ಸರೋವರ ಮೊದಲಿನಿಂದಲೂ ಹೀಗೇ ಇತ್ತೆಂದು ವಾದಿಸುವವರಿಗೆ ಉತ್ತರವೇ ಇರುತ್ತಿರಲಿಲ್ಲ. ಆದರೆ ಮೂವತ್ತು ವರ್ಷಗಳ ಆ ಮೌನದ ಬೆಲೆ ಎಷ್ಟು? ಮುಂದೆ ತಳದ ಕೆಸರನ್ನು ಕೊರೆದು ಪದರ ಪದರವಾಗಿ ಓದಿದವರು, ಪಾಚಿಯ ಏರಿಕೆ 1930ರ ದಶಕದಲ್ಲೇ, ದಡದ ಕಾಡು ಕಡಿದು ಹೊಲಗಳನ್ನು ವಿಸ್ತರಿಸತೊಡಗಿದ ಕಾಲಕ್ಕೆ ಸರಿಯಾಗಿ, ಮೊದಲಾಗಿತ್ತೆಂದು 2002ರಲ್ಲಿ ಪ್ರಕಟಿಸಿದರು. ಮನುಷ್ಯರು ಬರೆಯದೆ ಬಿಟ್ಟದ್ದನ್ನು ಕೆಸರು ಬರೆದಿಟ್ಟಿತ್ತು. ಓದಲು ಸಾಧ್ಯವಾಗುವಷ್ಟರಲ್ಲಿ ತಡೆಯುವ ಕಾಲ ಮೀರಿತ್ತು.

ನಮ್ಮ ತಿಳಿವಳಿಕೆಯೆಲ್ಲ ಇಂದ್ರಿಯಗಳಿಂದಲೇ ಮೊದಲಾಗುತ್ತದೆಂಬುದು ಸಂತ ಥಾಮಸ್ ಅಕ್ವಿನಾಸರ ಮತ. ಆದರೆ ನೀರಿನಲ್ಲಿ ಕರಗಿದ ರಂಜಕಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಹೊಲಗಳಿಂದ ಕೊಚ್ಚಿ ಬರುವ ಮಣ್ಣು, ಪಟ್ಟಣಗಳ ಚರಂಡಿ, ಕಾರ್ಖಾನೆಗಳ ತ್ಯಾಜ್ಯ, ಇವೆಲ್ಲ ರಂಜಕವನ್ನು ತರುತ್ತವೆಂಬುದು ಊಹೆಗೆ ನಿಲುಕುವ ಮಾತು. ಅಳತೆ ಮಾಡಿದವರಿಗೆ ಕಂಡ ಅಚ್ಚರಿಯೆಂದರೆ, ರಂಜಕದ ಬಹುದೊಡ್ಡ ಪಾಲು ಬೀಳುವುದು ಆಕಾಶದಿಂದ! ಬೇಸಾಯಕ್ಕಾಗಿ, ಮೇವಿಗಾಗಿ ಬೆಂಕಿಯಿಟ್ಟ ಹುಲ್ಲುಗಾವಲಿನ ಹೊಗೆ, ಬರಡಾದ ನೆಲದ ಧೂಳು ಗಾಳಿಯಲ್ಲಿ ತೇಲಿ ಮಳೆಯೊಡನೆ ಸರೋವರಕ್ಕೆ ಇಳಿಯುತ್ತವೆ. ದಡದಲ್ಲಿ ನಿಂತು ಯಾರ ಚರಂಡಿ ಎಂದು ಬೆರಳು ತೋರಿಸುತ್ತಿದ್ದರೆ ಈ ಸತ್ಯ ಎಂದಿಗೂ ತಿಳಿಯುತ್ತಿರಲಿಲ್ಲ.

ಉಷ್ಣವಲಯದ ನೀರಿಗೆ ತನ್ನದೇ ಸ್ವಭಾವವಿದೆ. ಬೆಚ್ಚಗಿನ ನೀರು ತಣ್ಣೀರಿನಷ್ಟು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಲಾರದು. ಚಳಿದೇಶಗಳ ಎಷ್ಟೋ ಸರೋವರಗಳು ವರ್ಷಕ್ಕೆರಡು ಬಾರಿ ತಳಮೇಲಾಗಿ ಉಸಿರಾಡುತ್ತವೆ. ವಿಕ್ಟೋರಿಯಕ್ಕೆ ಆ ಅವಕಾಶ ಮುಖ್ಯವಾಗಿ ಜೂನಿನಿಂದ ಆಗಸ್ಟಿನವರೆಗೆ, ಆಗ್ನೇಯ ಮಾರುತ ಬೀಸುವಾಗ ಮಾತ್ರ. ಇತರ ತಿಂಗಳುಗಳಲ್ಲಿ ಮೇಲ್ನೀರು ಕೆಳನೀರಿನ ಮೇಲೆ ಮುಚ್ಚಳದಂತೆ ಕುಳಿತಿರುತ್ತದೆ. ಆದ್ದರಿಂದ ಯೂರೋಪಿನ ಸರೋವರಗಳಿಗೆಂದು ಬರೆದ ಕೈಪಿಡಿಯನ್ನು ಇಲ್ಲಿ ತೆರೆದಿಟ್ಟು, ವರ್ಷಕ್ಕೊಮ್ಮೆ ಒಂದು ಬಾಟಲಿ ನೀರು ತುಂಬಿಸಿ ತಂದರೆ ಪ್ರಯೋಜನವಿಲ್ಲ. ಯಾವ ತಿಂಗಳು, ಎಷ್ಟು ಆಳ, ಹಗಲೋ ಇರುಳೋ ಎಂಬುದೆಲ್ಲ ಮುಖ್ಯ.

ನೀರಿನ ತಿಳಿ ಕೇವಲ ಅಂದದ ಮಾತಲ್ಲ. ಈ ಸರೋವರದಲ್ಲಿ ಸಿಕ್ಲಿಡ್ ಎಂಬ ಸಣ್ಣ ಮೀನಿನ ಐನೂರಕ್ಕೂ ಹೆಚ್ಚು ಜಾತಿಗಳಿದ್ದವು, ಬೇರೆಲ್ಲೂ ಇಲ್ಲದವು. 1950–60ರ ದಶಕಗಳಲ್ಲಿ ತಂದುಬಿಟ್ಟ ನೈಲ್ ಪರ್ಚ್ ಎಂಬ ದೈತ್ಯಮೀನು ಅವನ್ನು ನುಂಗಿದ್ದು ಎಲ್ಲರಿಗೂ ತಿಳಿದ ಸಂಗತಿ. ಆದರೆ 1997ರಲ್ಲಿ ಓಲೆ ಸೇಹೌಸೆನ್ ಮತ್ತು ಸಂಗಡಿಗರು ಬೇರೊಂದು ಕಾರಣವನ್ನೂ ತೋರಿಸಿದರು. ಸಿಕ್ಲಿಡ್ ಹೆಣ್ಣು ತನ್ನ ಜಾತಿಯ ಗಂಡನ್ನು ಬಣ್ಣದಿಂದ ಗುರುತಿಸುತ್ತದೆ. ಕದಡಿದ ನೀರಿನಲ್ಲಿ ಕೆಂಪೂ ನೀಲಿಯೂ ಒಂದೇ ತೆರನಾಗಿ ಮಸುಕಾಗಿ, ಜಾತಿಗಳು ಒಂದರಲ್ಲೊಂದು ಬೆರೆತು ಇಲ್ಲವಾಗುತ್ತಿವೆ. ಸೃಷ್ಟಿಯ ಈ ಪುಟ್ಟ ಜೀವಿಗಳು ಅಳಿದದ್ದು ಬೆಳಕಿನ ಕೊರತೆಯಿಂದ ಎಂಬುದು ನಮ್ಮ ಮನಸ್ಸನ್ನು ಬಹುಕಾಲ ಕಾಡಿದೆ.

ಕಣ್ಣಿಗೆ ಕಾಣುವ ಕೇಡಿಗೂ ಕಾಣದ ಕೇಡಿಗೂ ಸರಕಾರಗಳು ತೋರುವ ಕಾಳಜಿಯಲ್ಲಿ ಎಷ್ಟು ಅಂತರವೆಂಬುದನ್ನು ಇಲ್ಲಿ ಗಮನಿಸಬೇಕು. 1980ರ ದಶಕದ ಕೊನೆಗೆ ನಮ್ಮ ಕೆರೆಗಳಲ್ಲೂ ಕಾಣುವ ಅಂತರಗಂಗೆ ವಿಕ್ಟೋರಿಯದಲ್ಲಿ ಕಾಣಿಸಿಕೊಂಡು, ಹತ್ತು ವರ್ಷಗಳಲ್ಲಿ ಸಾವಿರಾರು ಹೆಕ್ಟೇರುಗಳಷ್ಟು ನೀರನ್ನು ಹೊದಿಕೆಯಂತೆ ಮುಚ್ಚಿತು. ದೋಣಿಗಳು ನಿಂತವು, ಬಂದರುಗಳು ಕಟ್ಟಿಕೊಂಡವು. ಕೂಡಲೇ ಹಣ ಹರಿಯಿತು, ಯಂತ್ರಗಳು ಬಂದವು. ಕಳೆಯ ಎಲೆಯನ್ನೇ ತಿಂದು ಬದುಕುವ ಮೂತಿಹುಳುಗಳನ್ನು ಬಿಡಲಾಯಿತು. ಈ ಹುಳುವನ್ನು ಬೆಂಗಳೂರಿನ ಕೆರೆಗಳಲ್ಲಿ 1980ರ ದಶಕದಲ್ಲೇ ಬಿಟ್ಟು ಯಶಸ್ಸು ಕಂಡಿದ್ದರೆಂಬುದನ್ನು ಓದುಗರು ನೆನೆಯಬಹುದು. 1998ರ ನಂತರ ಕಳೆ ಬಹುಮಟ್ಟಿಗೆ ಹಿಂದೆ ಸರಿಯಿತು, ಆಮೇಲೆ ಮತ್ತೆ ಮತ್ತೆ ತಲೆಯೆತ್ತಿತು. ತಲೆಯೆತ್ತದೆ ಏನು ಮಾಡೀತು? ಅದನ್ನು ಪೋಷಿಸುವ ರಂಜಕ, ಸಾರಜನಕಗಳು ನೀರಿನಲ್ಲಿ ಹಾಗೆಯೇ ಇದ್ದವು.

ಮೀನಿನ ವಿಷಯವೂ ಇದೇ. 1999ರಲ್ಲಿ ಕೆಲವರು ಮೀನು ಹಿಡಿಯಲು ನೀರಿಗೆ ಕೀಟನಾಶಕ ಸುರಿಯುತ್ತಿದ್ದಾರೆಂಬ ವರದಿ ಬಂದೊಡನೆ ಐರೋಪ್ಯ ಒಕ್ಕೂಟ ಅಲ್ಲಿಯ ಮೀನಿನ ಆಮದನ್ನು ನಿಲ್ಲಿಸಿತು. ಆಮೇಲೆ ತಪಾಸಣೆಗಳು ಬಿಗಿಯಾದವು, ಪ್ರಯೋಗಾಲಯಗಳು ಸುಧಾರಿಸಿದವು, ನಿಷೇಧ ತೆರವಾಯಿತು. ದೂರದ ಊರಿನ ಊಟದ ಮೇಜಿಗೆ ಹೋಗುವ ಮೀನಿಗೆ ಇಷ್ಟು ಪರೀಕ್ಷೆ ಸಾಧ್ಯವಾದರೆ, ಅದೇ ನೀರನ್ನು ಕೊಡದಲ್ಲಿ ತುಂಬಿಸಿ ಮನೆಗೆ ಒಯ್ಯುವ ತಾಯಿಗೆ ಏಕೆ ಸಾಧ್ಯವಾಗಬಾರದು?

ಈ ಪ್ರಶ್ನೆ ಭಾವುಕತೆಯದಲ್ಲ. ನೀಲಿ ಹಸಿರು ಪಾಚಿಯ ಕೆಲವು ಬಗೆಗಳು ಮೈಕ್ರೊಸಿಸ್ಟಿನ್ ಎಂಬ, ಯಕೃತ್ತಿಗೆ ಹಾನಿ ಮಾಡುವ ವಿಷವನ್ನು ಉತ್ಪಾದಿಸುತ್ತವೆ. ಕೆನ್ಯಾದ ಕಿಸುಮು ಪಟ್ಟಣದ ಮುಂದಿರುವ ಕೊಲ್ಲಿಯಲ್ಲಿ ಅದು ಮತ್ತೆ ಮತ್ತೆ ಪತ್ತೆಯಾಗಿದೆ. ಕುಡಿಯುವ ನೀರಿನಲ್ಲಿ ಅದರ ಮುಖ್ಯ ಬಗೆ ದೀರ್ಘಕಾಲದ ಬಳಕೆಗೆ ಲೀಟರಿಗೆ ಒಂದು ಮೈಕ್ರೊಗ್ರಾಮನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ಕುದಿಸಿದರೆ ಕಾಲರಾದ ರೋಗಾಣು ಸಾಯುತ್ತದೆ. ಈ ವಿಷ ನಾಶವಾಗದು. ಪಾಚಿಯ ಕೋಶಗಳು ಒಡೆದು ಇನ್ನಷ್ಟು ವಿಷ ನೀರಿಗೆ ಬಿಡುಗಡೆಯಾಗಲೂಬಹುದು. ನೀರನ್ನು ಕುದಿಸಿ ಕುಡಿಯಿರೆಂದು ಮಕ್ಕಳಿಗೆ ಕಲಿಸಿದ ತಾಯಿ ತನ್ನ ಕರ್ತವ್ಯವನ್ನು ಪೂರ್ತಿ ಮಾಡಿದ್ದಾಳೆ. ಉಳಿದದ್ದನ್ನು ಅವಳಿಗೆ ಹೇಳಬೇಕಾದದ್ದು ಪ್ರಯೋಗಾಲಯ.

ಉಪಗ್ರಹಗಳಿವೆಯಲ್ಲ ಎನ್ನುವವರುಂಟು. ನಿಜ, ಇಂದು ನೀರಿನ ಬಣ್ಣವನ್ನು ಬಾನಿನಿಂದಲೇ ನೋಡಿ ಪಾಚಿಯ ಪ್ರಮಾಣವನ್ನು ಅಂದಾಜು ಮಾಡುತ್ತಾರೆ. ಇಷ್ಟು ವಿಶಾಲ ಸರೋವರಕ್ಕೆ ಅದು ದೊಡ್ಡ ವರದಾನ. ಆದರೆ ಉಪಗ್ರಹ ಮೋಡದ ಕೆಳಗೆ ನೋಡಲಾರದು, ತಳದ ಆಮ್ಲಜನಕವನ್ನು ಕಾಣದು, ವಿಷವನ್ನು ನೇರವಾಗಿ ಅಳೆಯದು. ಅದರ ಅಂದಾಜು ಸರಿಯೆಂದು ಹೇಳಲೂ ಅದೇ ದಿನ ದೋಣಿಯಲ್ಲಿ ಹೋಗಿ ತಂದ ನೀರು ಬೇಕು.

ಮೂರು ದೇಶಗಳು 1994ರಲ್ಲಿ ಒಪ್ಪಂದ ಮಾಡಿಕೊಂಡು, ವಿಶ್ವಬ್ಯಾಂಕಿನ ನೆರವಿನಿಂದ 1997ರಲ್ಲಿ ಸರೋವರದ ಪರಿಸರ ನಿರ್ವಹಣಾ ಯೋಜನೆಯನ್ನು ಆರಂಭಿಸಿದವು. ಮೊದಲ ಹಂತ 2005ರಲ್ಲಿ ಮುಗಿಯಿತು. ಎರಡನೆಯದು 2009ರಲ್ಲಿ ಮೊದಲಾಯಿತು. ನಡೆದ ಕೆಲಸವನ್ನು ನಾವು ಹೀಗಳೆಯುವುದಿಲ್ಲ. ಆದರೆ ಯೋಜನೆಗೆ ಹಂತಗಳಿರುತ್ತವೆ, ಸರೋವರಕ್ಕೆ ಇರುವುದಿಲ್ಲ. ಹಣ ಬಂದಾಗ ಹೊರಟು ಮುಗಿದಾಗ ದಡ ಸೇರುವ ದೋಣಿಯಿಂದ ದಾಖಲೆ ಬೆಳೆಯದು. 1960ರ ನಂತರದ ಮೌನವೇ ಸಣ್ಣ ಸಣ್ಣ ತುಂಡುಗಳಾಗಿ ಮರುಕಳಿಸೀತು.

ಆಸ್ಪತ್ರೆ, ಶಾಲೆಗಳಿಗೇ ಹಣ ಸಾಲದ ದೇಶಗಳಲ್ಲಿ ನೀರನ್ನು ಅಳೆಯುತ್ತ ಕೂರುವುದು ಐಷಾರಾಮವಲ್ಲವೆ ಎಂಬ ಆಕ್ಷೇಪಣೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ದಿವಂಗತ ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೋ ಸಿ’ ಪರಿಪತ್ರದಲ್ಲಿ ಬಡವರಿಗೆ ದೊರೆಯುವ ನೀರಿನ ಗುಣಮಟ್ಟವನ್ನು ವಿಶೇಷವಾಗಿ ಗಂಭೀರವಾದ ಸಮಸ್ಯೆಯೆಂದು ಎತ್ತಿ ಹೇಳಿದ್ದು ಸುಮ್ಮನಲ್ಲ. ಶ್ರೀಮಂತನು ಬಾಟಲಿ ನೀರನ್ನು ಕೊಳ್ಳುತ್ತಾನೆ. ಅವನಿಗೆ ಸರೋವರದ ಅಂಕಿಅಂಶ ಬೇಡ.

ಹಣದ ಮೂಲವೂ ಸರೋವರದಲ್ಲೇ ಇದೆ. ನೈಲ್ ಪರ್ಚ್ ಮೀನಿನ ರಫ್ತು ಮೂರೂ ದೇಶಗಳಿಗೆ ವಿದೇಶೀ ಹಣವನ್ನು ತರುತ್ತಿದೆ. ಜಿಂಜಾದಲ್ಲಿ ಹೊರಬೀಳುವ ನೀರಿನಿಂದ 1954ರಿಂದ ವಿದ್ಯುತ್ತು ಉತ್ಪಾದನೆಯಾಗುತ್ತಿದೆ. ಇವೆರಡರ ಆದಾಯದ ಒಂದು ಸಣ್ಣ ಪಾಲನ್ನು ಕಾನೂನಿನ ಮೂಲಕ ಮೀಸಲಿಟ್ಟು, ಕಿಸುಮುವಿನಲ್ಲಿರುವ ಸರೋವರ ಜಲಾನಯನ ಆಯೋಗದ ಕೈಗೆ ಕೊಡಬೇಕು. ಮೂರೂ ದೇಶಗಳಲ್ಲಿ ಒಂದೇ ವಿಧಾನ, ಒಂದೇ ಜಾಗಗಳು, ಪ್ರತಿ ತಿಂಗಳೂ ತಪ್ಪದ ದೋಣಿ, ಅಂಕಿಗಳು ಯಾರು ಕೇಳಿದರೂ ಸಿಗುವಂತೆ ಪ್ರಕಟಣೆ. ಪಾಚಿಯ ವಿಷ ಏರಿದ ದಿನವೇ ದಡದ ಹಳ್ಳಿಗಳಿಗೆ ಅವರವರ ಭಾಷೆಯಲ್ಲಿ ಎಚ್ಚರಿಕೆ. ಟಾಲಿಂಗರು ನೀರು ಅಳೆದ ಜಾಗಗಳನ್ನೇ ಇದರ ಮೊದಲ ನಿಲ್ದಾಣಗಳನ್ನಾಗಿ ಮಾಡಿಕೊಳ್ಳುವುದು ಉಚಿತ. ಹೋಲಿಸಲು ಅಲ್ಲಿಯ ಹಳೆಯ ಅಂಕಿಗಳು ಸಿದ್ಧವಾಗಿವೆ.