ತಪ್ಪು ಯಾರದು, ನಷ್ಟ ಯಾರದು

ಕಾನೂನಿನ ಕಣ್ಣಿನಲ್ಲಿ ನಿರ್ಲಕ್ಷ್ಯವೆಂದರೆ ಕೆಟ್ಟ ಮನಸ್ಸಲ್ಲ, ಕೊರತೆಯಾದ ಎಚ್ಚರ. ಸಾಮಾನ್ಯ ವಿವೇಕವುಳ್ಳವರು ಅದೇ ಸಂದರ್ಭದಲ್ಲಿ ಎಷ್ಟು ಜಾಗ್ರತೆ ವಹಿಸುತ್ತಿದ್ದರೋ ಅಷ್ಟನ್ನು ವಹಿಸದೆ ಇನ್ನೊಬ್ಬರ ಮೈಗೆ ಪೆಟ್ಟು ಮಾಡಿದರೆ, ನಷ್ಟ ತುಂಬಿಕೊಡುವ ಹೊಣೆ ಬರುತ್ತದೆ. ಜಾಗ್ರತೆಯ ಕರ್ತವ್ಯವಿತ್ತು, ಅದು ತಪ್ಪಿತು, ಗಾಯವಾದದ್ದು ಅದರಿಂದಲೇ ಎಂಬುದನ್ನು ದಾವೆ ಹೂಡಿದವರು ತೋರಿಸಬೇಕು.

ಈ ಕರ್ತವ್ಯ ಯಾರ ಕಡೆಗೆ ಎಂಬ ಪ್ರಶ್ನೆಗೆ ಆಧುನಿಕ ಉತ್ತರ ಬಂದದ್ದು ಸ್ಕಾಟ್ಲೆಂಡಿನ ಪೇಸ್ಲಿ ಪಟ್ಟಣದ ಒಂದು ವ್ಯಾಜ್ಯದಿಂದ. 1928ರಲ್ಲಿ ಅಲ್ಲಿನ ಕೆಫೆಯೊಂದರಲ್ಲಿ ಗೆಳತಿ ಕೊಡಿಸಿದ ಶುಂಠಿ ಪಾನೀಯದ ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತೆಂದು ಮಹಿಳೆಯೊಬ್ಬರು ದೂರಿದರು. ಹಣ ಕೊಟ್ಟವರು ಬೇರೆ, ಕುಡಿದವರು ಬೇರೆ; ಹಾಗಾಗಿ ಅವರಿಗೂ ಮಾರಾಟಗಾರನಿಗೂ ಕರಾರೇ ಇರಲಿಲ್ಲ. ಆದರೂ ತಯಾರಕ ಹೊಣೆಗಾರನಾಗಬಹುದೆಂದು 1932ರಲ್ಲಿ ಹೌಸ್ ಆಫ್ ಲಾರ್ಡ್ಸ್ 3–2ರ ಬಹುಮತದಿಂದ ಹೇಳಿತು. ನಮ್ಮ ಕೃತ್ಯದಿಂದ ಯಾರಿಗೆ ತೊಂದರೆಯಾಗಬಹುದೆಂದು ಮುಂಗಾಣಲು ಸಾಧ್ಯವೋ ಅವರೆಲ್ಲ ನಮ್ಮ ನೆರೆಯವರು ಎಂಬುದು ಲಾರ್ಡ್ ಆಟ್ಕಿನ್ ಅವರ ತರ್ಕ. ಭಾರತದ ನ್ಯಾಯಾಲಯಗಳೂ ಅದನ್ನು ಒಪ್ಪಿಕೊಂಡಿವೆ.

ತತ್ತ್ವ ಸರಳ, ರುಜುವಾತು ಕಷ್ಟ. ಏನು ತಪ್ಪಾಯಿತೆಂಬ ಮಾಹಿತಿ ಹೆಚ್ಚಿನ ಪಾಲು ತಪ್ಪು ಮಾಡಿದವರ ಬಳಿಯೇ ಇರುತ್ತದೆ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಜನ ಸತ್ತ ಪ್ರಕರಣದಲ್ಲಿ (1966) ಸುಪ್ರೀಂ ಕೋರ್ಟ್ ಈ ಭಾರವನ್ನು ತಿರುಗಿಸಿತು. ಕಟ್ಟಡಕ್ಕೆ 80 ವರ್ಷವಾಗಿತ್ತು. ಅದರ ಗಾರೆಯ ಬಾಳಿಕೆ 40–45 ವರ್ಷ ಮಾತ್ರ. ಪಾಲಿಕೆಯ ಹತೋಟಿಯಲ್ಲಿದ್ದ ಗೋಪುರ ಬಿದ್ದಿತೆಂಬುದೇ ನಿರ್ಲಕ್ಷ್ಯದ ಸಾಕ್ಷ್ಯ, ತಾನು ಎಚ್ಚರದಿಂದಿದ್ದೆ ಎಂದು ತೋರಿಸುವುದು ಪಾಲಿಕೆಯ ಕೆಲಸ ಎಂದಿತು. ಗಾಯಾಳುವಿಗೆ ಇದಕ್ಕಿಂತ ಉಪಯುಕ್ತವಾದ ನಿಯಮ ಬೇರೆ ಇಲ್ಲ.

ನಮ್ಮಲ್ಲಿ ಅಪಘಾತವೆಂದರೆ ಮೊದಲು ನೆನಪಾಗುವುದು ಎಫ್‌ಐಆರ್. ಚಾಲಕ ಖುಲಾಸೆಯಾದರೆ ಪರಿಹಾರವೂ ಹೋಯಿತೆಂದು ಅನೇಕರು ತಿಳಿಯುತ್ತಾರೆ. ಇದು ತಪ್ಪು ಗ್ರಹಿಕೆ. ಕ್ರಿಮಿನಲ್ ಮೊಕದ್ದಮೆಯಲ್ಲಿ ಅನುಮಾನಕ್ಕೆಡೆಯಿಲ್ಲದ ರುಜುವಾತು ಬೇಕು: ಕರ್ನಾಟಕದ ಲಾರಿ ಪ್ರಕರಣವೊಂದರಲ್ಲಿ (1998) ವಾಹನ ವೇಗವಾಗಿತ್ತು ಎಂದಷ್ಟೇ ಹೇಳಿದರೆ ದುಡುಕು ಸಾಬೀತಾಗದೆಂದು ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಪರಿಹಾರದ ಅರ್ಜಿಗೆ ಸಂಭಾವ್ಯತೆಯ ತಕ್ಕಡಿ ಒಂದು ಕಡೆ ವಾಲಿದರೆ ಸಾಕು. ಶಿಕ್ಷೆ ಯಾರಿಗೆಂಬುದು ಒಂದು ಪ್ರಶ್ನೆ, ನಷ್ಟ ಯಾರು ಹೊರಬೇಕೆಂಬುದು ಇನ್ನೊಂದು. ಎರಡನ್ನೂ ಬೆರೆಸಿದಾಗ ಸೋಲುವವನು ಗಾಯಾಳು.

ಗಾಯಾಳುವಿನದೂ ತಪ್ಪಿದ್ದರೆ ಪರಿಹಾರ ಅವನ ಪಾಲಿನಷ್ಟು ಕಡಿತವಾಗುತ್ತದೆ. ಎರಡು ವಾಹನಗಳ ತಪ್ಪಿನಿಂದ ನೊಂದ ಪ್ರಯಾಣಿಕ ಮಾತ್ರ ಪೂರ್ತಿ ಮೊತ್ತವನ್ನು ಯಾವುದಾದರೂ ಒಂದರ ಕಡೆಯಿಂದಲೇ ವಸೂಲು ಮಾಡಬಹುದು. ಮೊತ್ತದ ಲೆಕ್ಕಕ್ಕೆ ವೈದ್ಯರ ಶೇಕಡಾವಾರು ಪ್ರಮಾಣಪತ್ರ ಸಾಲದೆಂದು 2011ರಲ್ಲಿ ಸುಪ್ರೀಂ ಕೋರ್ಟ್ ವಿವರಿಸಿತು. ಎಡಗೈ ಕಳೆದುಕೊಂಡ ಬಡಗಿಯ ದುಡಿಮೆ ಬಹುತೇಕ ಪೂರ್ತಿ ನಿಂತುಹೋಗುತ್ತದೆ. ಸರ್ಕಾರಿ ಗುಮಾಸ್ತನ ಸಂಬಳ ನಿಲ್ಲದಿರಬಹುದು.

ತಪ್ಪನ್ನೇ ಹುಡುಕದ ಹೊಣೆಯೂ ಉಂಟು. ದೆಹಲಿಯ ಓಲಿಯಂ ಅನಿಲ ಸೋರಿಕೆಯ ತೀರ್ಪು (1986) ಅಪಾಯಕಾರಿ ಉದ್ಯಮಕ್ಕೆ ಯಾವ ನೆಪವನ್ನೂ ಉಳಿಸಲಿಲ್ಲ. ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಡಿ ತಪ್ಪು ರುಜುವಾತಾಗದಿದ್ದರೂ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಸಲ್ಲುತ್ತದೆ. ರಸ್ತೆಯಲ್ಲಿ ಇದು ನಡೆಯುವುದು ಮೂರನೇ ವ್ಯಕ್ತಿ ವಿಮೆ ಕಡ್ಡಾಯವಾಗಿರುವುದರಿಂದ, ವಿಚಾರಣೆಗೆ ಪ್ರತ್ಯೇಕ ನ್ಯಾಯಮಂಡಳಿ ಇರುವುದರಿಂದ. ಮುಚ್ಚಳವಿಲ್ಲದ ಮ್ಯಾನ್‌ಹೋಲಿಗೆ ಕಾಲ್ನಡಿಗೆಯಲ್ಲಿ ಹೋಗುವವರು ಬಿದ್ದರೆ ಇವೆರಡೂ ಇಲ್ಲ. ಸಿವಿಲ್ ದಾವೆಯ ಶುಲ್ಕ ಕಟ್ಟಿ ತಪ್ಪನ್ನು ಮೊದಲಿನಿಂದ ರುಜುವಾತು ಮಾಡಬೇಕು. ಒಂದೇ ಬೀದಿಯ ಎರಡು ಗಾಯಗಳ ನಡುವಿನ ಈ ತಾರತಮ್ಯಕ್ಕೆ ತತ್ತ್ವದ ಆಧಾರವೇನೂ ಇಲ್ಲ. ಅದನ್ನು ಶಾಸಕಾಂಗವೇ ತಿದ್ದಬೇಕು.