ಚೇಂಬರ್ ಬೋಲ್ಟಿನ ಥ್ರೆಡ್ ಹೋದರೆ ಕಾರು ಗುಜರಿಗೆ ಹಾಕಬೇಕೆ?

ಹದಿನೈದು ಇಪ್ಪತ್ತು ವರ್ಷ ದುಡಿದ ಕಾರು ನಮ್ಮ ಕೃಷಿಕರ ಮನೆಗಳಲ್ಲಿ ಬರೇ ಸವಾರಿಯ ವಸ್ತುವಲ್ಲ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ನೋಡಿರಿ. ಅಡಿಕೆಯ ಗೋಣಿ ಹೋಗುವುದು ಅದರ ಹಿಂದಿನ ಸೀಟಿನಲ್ಲಿ. ರಾತ್ರಿ ಹೊತ್ತು ಕಾಯಿಲೆಯವರನ್ನು ಮಂಗಳೂರಿಗೆ ಮುಟ್ಟಿಸುವುದೂ ಅದೇ. ಮಾರುತಿ 800 ಕಾರು 1983ರಲ್ಲಿ ಬಂದಿತು, 2014ರಲ್ಲಿ ಅದರ ತಯಾರಿ ನಿಂತಿತು. ಅಂಬಾಸಿಡರಿನ ತಯಾರಿ ನಿಂತದ್ದೂ ಅದೇ ವರ್ಷ. ಹೊಸತು ಬಾರದಿರುವಾಗ ಇದ್ದುದನ್ನು ಉಳಿಸಿಕೊಳ್ಳುವುದೇ ಸರಿ. ಹೀಗಿರಲು, ಇಂಜಿನಿನ ಅಡಿಯ ಒಂದು ಬೋಲ್ಟಿನ ಥ್ರೆಡ್ ಹೋಯಿತೆಂದು "ಇನ್ನು ಇದನ್ನು ಕೊಟ್ಟುಬಿಡಿ" ಎನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಅದಕ್ಕಿಂತಲೂ ಒಪ್ಪಿಗೆಯಿಲ್ಲದ್ದು, ಆ ತೂತಿಗೆ ಏನಾದರೊಂದು ಮೆತ್ತಿ "ನಡೆಯುತ್ತದೆ" ಎಂದು ಕಾರನ್ನು ದಾರಿಗೆ ಬಿಡುವ ಕ್ರಮ.

ಇಂಜಿನಿನ ಆಯಿಲು ನಿಲ್ಲುವ ತಳದ ಪಾತ್ರೆಗೆ ನಮ್ಮ ಗ್ಯಾರೇಜುಗಳಲ್ಲಿ ಚೇಂಬರ್ ಎನ್ನುತ್ತಾರೆ. ಹಳೆ ಆಯಿಲು ಇಳಿಸಲು ಅದರ ಅಡಿಯಲ್ಲಿರುವ ಬೋಲ್ಟು ಅನೇಕ ಕಾರುಗಳಲ್ಲಿ 14 ಮಿಲಿಮೀಟರ್ ದಪ್ಪದ್ದು, ಅದರ ಸುತ್ತಿಗೂ ಸುತ್ತಿಗೂ ಒಂದೂವರೆ ಮಿಲಿಮೀಟರ್ ಅಂತರ. ಎಲ್ಲರೂ ತಿಳಿಯಬೇಕಾದ ಸಂಗತಿ ಇಷ್ಟೆ: ಆಯಿಲನ್ನು ತಡೆಯುವುದು ಥ್ರೆಡ್ ಅಲ್ಲ, ಬೋಲ್ಟಿನ ತಲೆಯ ಕೆಳಗಿರುವ ವಾಶರ್. ಥ್ರೆಡ್ಡಿನ ಕೆಲಸ ವಾಶರನ್ನು ಒತ್ತಿ ಹಿಡಿಯುವುದು ಮಾತ್ರ. ಇದನ್ನರಿಯದೆ, ಸವೆದ ವಾಶರಿನಿಂದ ಒಂದು ಹನಿ ಒಸರಿದರೆ ಬೋಲ್ಟನ್ನು ಇನ್ನಷ್ಟು ಬಿಗಿಯುತ್ತಾರೆ. ಮುಂದಿನ ಸಲ ಮತ್ತಷ್ಟು. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಬಿಗಿಯುವವರನ್ನೂ ಕಂಡಿದ್ದೇನೆ. ಒಂದು ಅಡಿ ಉದ್ದದ ಹಿಡಿಯ ತುದಿಯಲ್ಲಿ ಹನ್ನೆರಡು ಕಿಲೋ ಭಾರದಷ್ಟು ಒತ್ತಿದರೆ ಇಂಥ ಬೋಲ್ಟಿಗೆ ಸಾಕು. ಮೂರು ಅಡಿ ಪೈಪಿನಲ್ಲಿ ಅಷ್ಟೇ ಒತ್ತಿದರೂ ಬೋಲ್ಟಿನ ಮೇಲೆ ಬೀಳುವ ಬಲ ಮೂರು ಪಾಲು. ಬೋಲ್ಟು ಉಕ್ಕಿನದು, ಚೇಂಬರ್ ಎಷ್ಟೋ ಕಾರುಗಳಲ್ಲಿ ಅಲ್ಯುಮಿನಿಯಮಿನದು. ಮೆತ್ತಗಿನದೇ ಸೋಲುವುದು ತಾನೆ!

ತಾಮ್ರದ ವಾಶರ್ ಆದರೆ ಮತ್ತೊಂದು ಉಪಾಯವುಂಟು. ಒತ್ತಡ ಬಿದ್ದು ಬಿದ್ದು ತಾಮ್ರ ಗಡುಸಾಗುತ್ತದೆ. ಅದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಪುನಃ ಮೆತ್ತಗಾಗುವುದು. ಅಕ್ಕಸಾಲಿಗರನ್ನು ಕೇಳಿದರೆ ಹೇಳಿಯಾರು. ಅಲ್ಯುಮಿನಿಯಮ್ ವಾಶರಿಗೆ ಈ ಪ್ರಯೋಗ ಬೇಡ, ಕರಗಿಹೋದೀತು. ಹೇಗೂ ಹೊಸ ವಾಶರಿನ ಬೆಲೆ ಒಂದು ಚಹದ ಖರ್ಚಿಗಿಂತ ಬಹಳ ಹೆಚ್ಚಿನದಲ್ಲ.

ಇನ್ನು ಥ್ರೆಡ್ ಹೋದ ಮೇಲಿನ ಮಾತು. ನಲ್ಲಿಗೆ ಸುತ್ತುವ ಬಿಳಿ ಟೇಪು, ಅಂಟು, ಇವೆಲ್ಲ ಮನೆ ಮುಟ್ಟಲಿಕ್ಕೆ ಸಹ ನಂಬತಕ್ಕವಲ್ಲ. ಬೋಲ್ಟು ದಾರಿಯಲ್ಲಿ ಕಳಚಿದರೆ ಆಯಿಲೆಲ್ಲ ಕ್ಷಣದಲ್ಲಿ ಹೊರಗೆ. ಡ್ಯಾಶಿನ ಕೆಂಪು ದೀಪ ಸಾಮಾನ್ಯವಾಗಿ ಆಯಿಲಿನ ಒತ್ತಡಕ್ಕೆ ಸಂಬಂಧಿಸಿದ್ದು, ಮಟ್ಟಕ್ಕಲ್ಲ. ಅದು ಉರಿಯುವಾಗ ಬೇರಿಂಗಿಗೆ ಆಯಿಲು ಹೋಗುವುದು ಆಗಲೇ ತಪ್ಪಿರುತ್ತದೆ. ಆಮೇಲೆ ಹೋಗುವುದು ಬೋಲ್ಟಲ್ಲ, ಇಂಜಿನು.

ಸ್ವಲ್ಪ ದಪ್ಪದ, ತಾನೇ ಥ್ರೆಡ್ ಕೊರೆದುಕೊಂಡು ಹೋಗುವ ಬೋಲ್ಟು ಅಂಗಡಿಗಳಲ್ಲಿ ಸಿಗುತ್ತದೆ. ನನ್ನ ಅಭಿಪ್ರಾಯದಲ್ಲಿ ಅದು ತಾತ್ಕಾಲಿಕ. ಅದು ಓರೆಯಾಗಿ ಕೂರುವುದೇ ಹೆಚ್ಚು. ಓರೆಯಾದರೆ ವಾಶರ್ ಸಮನಾಗಿ ಕೂರದು, ಒಸರುವುದು ನಿಲ್ಲದು. ಎರಡು ಮೂರು ಸಲ ಬಿಚ್ಚಿ ಹಾಕಿದರೆ ಇದ್ದ ಲೋಹವೂ ತಿಂದುಹೋಗುತ್ತದೆ.

ಅಲ್ಯುಮಿನಿಯಮ್ ಚೇಂಬರಿಗೆ ಸರಿಯಾದ ದಾರಿ, ತೂತನ್ನು ಸ್ವಲ್ಪ ದೊಡ್ಡದು ಮಾಡಿ ಹೊಸ ಥ್ರೆಡ್ ಕೊರೆದು ಅದರೊಳಗೆ ಉಕ್ಕಿನ ಬುಶ್ ಅಥವಾ ಹೆಲಿಕಾಯಿಲ್ ಎನ್ನುವ ತಂತಿಯ ಸುರುಳಿಯನ್ನು ಕೂರಿಸುವುದು. ಆಗ ಮೊದಲಿನ ಅಳತೆಯ ಬೋಲ್ಟೇ ಪುನಃ ಕೂರುತ್ತದೆ, ಹಳೆ ಥ್ರೆಡ್ಡಿಗಿಂತ ಗಟ್ಟಿಯಾಗಿ. ಪೇಟೆಯ ಒಳ್ಳೆಯ ಲೇತ್ ಅಂಗಡಿಯವರಿಗೆ ಇದು ಹೊಸ ಕೆಲಸವಲ್ಲ. ಎರಡು ಮಾತು ಮಾತ್ರ ಮೊದಲೇ ಹೇಳಿಡಿರಿ: ಟ್ಯಾಪ್ ನೆಟ್ಟಗೆ ಹೋಗಬೇಕು, ಸುರುಳಿ ತೂತಿನ ಬಾಯಿಗಿಂತ ತುಸು ಒಳಗಿರಬೇಕು, ಇಲ್ಲವಾದರೆ ವಾಶರಿಗೆ ಅಡ್ಡ ಬರುತ್ತದೆ. ಸುರುಳಿಯನ್ನು ತಿರುಗಿಸಿ ಕೂರಿಸಲೆಂದು ಅದರ ತುದಿಯಲ್ಲಿ ಒಂದು ಬಾಗಿದ ಚೂರು ಇರುತ್ತದೆ. ಕೂರಿಸಿದ ಮೇಲೆ ಅದನ್ನು ಮುರಿದು ಹೊರಗೆ ತೆಗೆಯತಕ್ಕದ್ದು, ಚೇಂಬರಿನೊಳಗೆ ಬೀಳಗೊಡಬಾರದು.

ಚೇಂಬರ್ ಬಿಚ್ಚಿಯೇ ಈ ಕೆಲಸ ಮಾಡಿಸಬೇಕೆಂದು ನಾನು ಹಟ ಹಿಡಿಯುತ್ತೇನೆ. ಹೊಸ ಗ್ಯಾಸ್ಕೆಟಿನ ಖರ್ಚು, ಅರ್ಧ ದಿನದ ಕೂಲಿ ಹೆಚ್ಚಾದೀತು. ಆದರೆ ಲೋಹದ ಪುಡಿ ಒಳಗೆ ಉಳಿಯದೆಂಬ ಧೈರ್ಯ ಇರುತ್ತದೆ. ಬಿಚ್ಚಲು ತೀರ ಕಷ್ಟವಾದ ಕಾರಾದರೆ ಟ್ಯಾಪಿಗೆ ಗ್ರೀಸು ತುಂಬಿ, ಆಗಾಗ ಹೊರತೆಗೆದು ಒರಸಿ ಕೊರೆಯಲಿ. ಮುಗಿದ ಮೇಲೆ ಬೋಲ್ಟು ಹಾಕುವ ಮೊದಲು ಮೇಲಿನಿಂದ ಸ್ವಲ್ಪ ಆಯಿಲು ಹೊಯ್ದು ತೂತಿನಿಂದ ಹರಿಯಬಿಡಲಿ.

ತಗಡಿನ ಚೇಂಬರಿನ ವಿಚಾರ ಬೇರೆ. ಅದರೊಳಗೆ ಬೆಸುಗೆ ಹಾಕಿದ ನಟ್ಟಿರುತ್ತದೆ. ಬಿಚ್ಚಿ, ತೊಳೆದು, ಹೊಸ ನಟ್ಟು ಬೆಸೆಯಬಹುದು. ಬಿಡಿಭಾಗ ಕ್ರಯಕ್ಕೆ ಸಿಗುವುದಾದರೆ ಚೇಂಬರನ್ನೇ ಬದಲಿಸುವುದು ಮೇಲು. ಇಲ್ಲಿ ಮಾತ್ರ ಬದಲಿಸಿ ಎನ್ನುವ ಮೆಕ್ಯಾನಿಕನ ಮಾತಿಗೆ ನನ್ನ ತಕರಾರಿಲ್ಲ. ಇನ್ನು, ಥ್ರೆಡ್ ಸಡಿಲವಾಗಿದೆ ಆದರೆ ಬೋಲ್ಟು ಹಿಡಿದಿದೆ, ಒಸರುವುದೂ ಇಲ್ಲ ಎಂದಾದರೆ ಅದನ್ನು ಮುಟ್ಟದೆ, ಆಯಿಲು ನೋಡುವ ಕಡ್ಡಿಯ ಕೊಳವೆಗೆ ಸಣ್ಣ ನಳಿಗೆ ಇಳಿಸಿ ಮೇಲಿನಿಂದಲೇ ಹಳೆ ಆಯಿಲನ್ನು ಎಳೆದು ತೆಗೆಯಬಹುದು. ಆ ಆಯಿಲನ್ನು ತೋಟದ ಬದಿಗೋ ಬಾವಿಯ ಹತ್ತಿರವೋ ಚೆಲ್ಲಬೇಡಿ, ಡಬ್ಬಿಯಲ್ಲಿ ಹಿಡಿದು ಗ್ಯಾರೇಜಿಗೇ ಕೊಡಿರಿ.

ರಿಪೇರಿ ಆದ ದಿನ ಬೋಲ್ಟಿನ ಮೊದಲ ಮೂರು ನಾಲ್ಕು ಸುತ್ತು ಬರೇ ಬೆರಳಿನಿಂದ ಹೋಗುತ್ತದೆಯೇ ಎಂದು ನಿಂತು ನೋಡಿರಿ. ರಾತ್ರಿ ಕಾರಿನಡಿಗೆ ಹಳೆ ಪತ್ರಿಕೆಯೊಂದನ್ನು ಹಾಸಿಡಿ. ಬೆಳಿಗ್ಗೆ ಅದರಲ್ಲಿ ಕಲೆ ಕಂಡರೆ ಸ್ಪ್ಯಾನರ್ ಹಿಡಿಯುವ ಮೊದಲು ವಾಶರನ್ನು ಪರೀಕ್ಷಿಸಿರಿ.