ತಿಪ್ಪೇಸ್ವಾಮಿ ಎಂಬ ಹೆಸರಿನ ಹಿಂದೆ

ಚಿತ್ರದುರ್ಗದ ಕಡೆಯಿಂದ ಬೆಂಗಳೂರಿನ ಶಾಲೆಗೆ ಬಂದು ಸೇರುವ ಹುಡುಗನಿಗೆ ಮೊದಲ ತೊಂದರೆ ಲೆಕ್ಕದಲ್ಲಿ ಬರುವುದಿಲ್ಲ, ಹಾಜರಿ ಕೂಗುವಾಗ ಬರುತ್ತದೆ. ಊರಿನಲ್ಲಿ ತಿಪ್ಪೇಸ್ವಾಮಿ ಎಂದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಒಂದೇ ತರಗತಿಯಲ್ಲಿ ಇಬ್ಬರಿರುವುದೂ ಉಂಟು. ಇಲ್ಲಿ ಆದಿತ್ಯ, ರೋಹನ್‌ಗಳ ನಡುವೆ ಆ ಹೆಸರು ಕೇಳಿದೊಡನೆ ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದು ನಗು. ಮಧ್ಯಾಹ್ನದ ಊಟದ ಹೊತ್ತಿಗೆ ‘ಕಸದ ತೊಟ್ಟಿ’ ಎಂಬ ಅಡ್ಡಹೆಸರೂ ಸಿದ್ಧ. ಕೆಲವೇ ದಿನಗಳಲ್ಲಿ ಹುಡುಗ ನೋಟ್‌ಪುಸ್ತಕದ ಮೇಲೆ ‘ಟಿ. ಸ್ವಾಮಿ’ ಎಂದಷ್ಟೇ ಬರೆಯತೊಡಗುತ್ತಾನೆ. ಎಸ್‌ಎಸ್‌ಎಲ್‌ಸಿ ಅರ್ಜಿ ತುಂಬುವ ಮುಂಚೆ ಹೆಸರು ಬದಲಿಸಿಕೊಡಿ ಎಂದು ಅಪ್ಪನನ್ನು ಕಾಡುತ್ತಾನೆ. ಅಪ್ಪ ಗದರಿಸುತ್ತಾನೆ, ಇಲ್ಲವೇ ಅಫಿಡವಿಟ್ ಮಾಡಿಸಲು ಹೊರಡುತ್ತಾನೆ. ಎರಡೂ ಅವಸರವೇ. ಮೊದಲು ಕೇಳಬೇಕಾದದ್ದು ಮನೆಯ ಅಜ್ಜಿಯನ್ನು.

ಹುಟ್ಟಿದ ಮಕ್ಕಳು ಒಂದರ ಹಿಂದೊಂದು ತೀರಿಕೊಂಡ ಮನೆಯಲ್ಲಿ ಹೊಸ ಕೂಸನ್ನು ಒಂದು ಗಳಿಗೆ ತಿಪ್ಪೆಯ ಮೇಲೆ ಮಲಗಿಸಿ, ಬಿಸಾಡಿದಂತೆ ಮಾಡಿ, ಮತ್ತೆ ಎತ್ತಿಕೊಳ್ಳುವ ರೂಢಿ ಹಿಂದೆ ಇತ್ತು. ಯಾರಿಗೂ ಬೇಡವಾದದ್ದನ್ನು ಸಾವೂ ಮುಟ್ಟದು ಎಂಬ ಎಣಿಕೆ. ಅಂಥ ಕೂಸಿಗೆ ತಿಪ್ಪ, ತಿಪ್ಪಮ್ಮ ಎಂದು ಹೆಸರು. ಗುಂಡುಕಲ್ಲಿನಂತೆ ಗಟ್ಟಿಯಾಗಿ ಉಳಿಯಲಿ ಎಂದು ಗುಂಡ, ಕಲ್ಲ ಎಂದು ಕರೆದವರೂ ಉಂಟು. ತಮಿಳಿನ ಕುಪ್ಪುಸ್ವಾಮಿ, ತೆಲುಗಿನ ಪೆಂಟಯ್ಯ ಇದೇ ಬಳಗದವರು.

ಇದು ಮೂಢನಂಬಿಕೆಯೇ ಸರಿ. ತಿಪ್ಪೆಯ ಮೇಲೆ ಮಲಗಿಸಿದ್ದರಿಂದ ಯಾವ ಕೂಸೂ ಬದುಕಲಿಲ್ಲ. ಹೊಕ್ಕುಳ ಆರದ ಮಗುವಿಗೆ ಅಲ್ಲಿ ಧನುರ್ವಾಯುವಿನ ಅಪಾಯವೇ ಹೆಚ್ಚು. ಆದರೆ ಆ ತಾಯಿಯ ಕೈಯಲ್ಲಿ ಬೇರೇನಿತ್ತು? ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ 1,000 ಕೂಸುಗಳಲ್ಲಿ ಸುಮಾರು 200 ಕೂಸುಗಳು ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಈಗ ಆ ಸಂಖ್ಯೆ 30ಕ್ಕಿಂತ ಕಡಿಮೆ. ಲಸಿಕೆ, ಶುದ್ಧ ನೀರು, ಗರ್ಭಿಣಿಯರಿಗೆ ಧನುರ್ವಾಯುವಿನ ಚುಚ್ಚುಮದ್ದು, ಭೇದಿಯಾದಾಗ ಕುಡಿಸುವ ಉಪ್ಪು-ಸಕ್ಕರೆ ನೀರು, ಇವೆಲ್ಲ ಬರುವ ಮುಂಚೆ ಹೆತ್ತವರಿಗೆ ಉಳಿದದ್ದು ಹೆಸರೊಂದೇ. ಇಂದಿನ ಹುಡುಗನಿಗೆ ಅದು ಹೆಚ್ಚಾಗಿ ತಾತನಿಂದ ಬಂದಿರುತ್ತದೆ. ಆ ತಾತ ಹೀಗೆ ಉಳಿದುಕೊಂಡ ಕೂಸು ಎಂದು ತಿಳಿದ ಮೇಲೆ ಹಾಜರಿಗೆ ‘ಪ್ರೆಸೆಂಟ್ ಸಾರ್’ ಎನ್ನುವ ದನಿಯೇ ಬೇರೆಯಾಗುತ್ತದೆ.

ವಿಚಿತ್ರವೆನಿಸುವ ಹೆಸರುಗಳ ಹಿಂದೆಲ್ಲ ಇಂಥ ಅಕ್ಕರೆ ಇರುತ್ತದೆ ಎಂದಲ್ಲ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಹಲವು ಹೆಣ್ಣುಮಕ್ಕಳಿಗೆ ‘ನಕುಸಾ’, ಅಂದರೆ ‘ಬೇಡವಾದವಳು’ ಎಂದೇ ಹೆಸರಿಟ್ಟಿದ್ದರು. 2011ರಲ್ಲಿ ಅಲ್ಲಿನ ಆಡಳಿತವೇ ಮುಂದೆ ನಿಂತು ಅವರಿಗೆ ಹೊಸ ಹೆಸರು ಕೊಡಿಸಿತು. ಅಂಥ ಹೆಸರನ್ನು ಬದಲಿಸಿದ್ದೇ ಸರಿ. ತಿಪ್ಪ ಎಂಬುದು ಬೇಡವಾದವನ ಹೆಸರಲ್ಲ, ಬೇಕೇ ಬೇಕಾದವನನ್ನು ಬಚ್ಚಿಟ್ಟ ಹೆಸರು.

ತಿಪ್ಪೆಯೂ ಅಷ್ಟು ಹೀನವಾದದ್ದಲ್ಲ. ಸಗಣಿ, ಹುಲ್ಲು, ಕಸಕಡ್ಡಿಯನ್ನು ಸೂಕ್ಷ್ಮಜೀವಿಗಳು ಕೊಳೆಯಿಸುವಾಗ ಒಳಗೆ ಕಾವೇಳುತ್ತದೆ. ಚೆನ್ನಾಗಿ ಒಟ್ಟಿದ ರಾಶಿಯ ಒಳಗೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಶಾಖವಿರುವುದುಂಟು. ಆ ಬಿಸಿಗೆ ಬಹುಪಾಲು ಕಳೆಬೀಜಗಳು ಸಾಯುತ್ತವೆ. ಹಳ್ಳಿಗೆ ಹೋದಾಗ ಕಬ್ಬಿಣದ ಹಾರೆಯೊಂದನ್ನು ಅದರಲ್ಲಿ ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆದು, ಹುಷಾರಾಗಿ ಮುಟ್ಟಿ ನೋಡಬಹುದು. ಆ ಗೊಬ್ಬರ ಬಿದ್ದ ಹೊಲದ ರಾಗಿಯನ್ನೇ ನಗುವವರೂ ಉಣ್ಣುವುದು.

ಚಿತ್ರದುರ್ಗದ ಸೀಮೆಯಲ್ಲಿ ಹೆಸರಿಗೆ ಇನ್ನೊಂದು ಬೇರೂ ಇದೆ: ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ಗುರು ತಿಪ್ಪೇರುದ್ರಸ್ವಾಮಿ. ಮಳೆ ಕಡಿಮೆಯಾದ ಆ ನಾಡಿನಲ್ಲಿ ಕೆರೆ ಕಟ್ಟಿಸಿದ ಗುರುವೆಂದು ಜನ ಅವರನ್ನು ನೆನೆಯುತ್ತಾರೆ. ಕನ್ನಡದ ವಿದ್ವಾಂಸ ಎಚ್. ತಿಪ್ಪೇರುದ್ರಸ್ವಾಮಿ ಅವರು ಇದೇ ಹೆಸರಿನಲ್ಲಿ 1969ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ನಾಯಕನಹಟ್ಟಿಯ ಜಾತ್ರೆಯಲ್ಲಿ ನಿಂತು ‘ತಿಪ್ಪೇಸ್ವಾಮೀ’ ಎಂದೊಮ್ಮೆ ಕೂಗಿದರೆ ತಿರುಗಿ ನೋಡುವ ತಲೆಗಳನ್ನು ಎಣಿಸುವುದು ಕಷ್ಟ.